ಪುರಾವೆ ಕೇಳುವ ಮುಂಚೆ ಊರು ತಿಳಿ

ಗುಂಡ್ಲುಪೇಟೆ

ಪ್ರೀತಿಯ ಕೂಸೇ,

ನಿಮ್ಮವ್ವನ ಮಂಡಿನೋವು ಇದ್ದಂತೆಯೇ ಇದೆ. ನಿಮ್ಮಪ್ಪ ಈ ಸಲ ಚೆಂಡುಹೂವಿನ ಸಹವಾಸವೇ ಬೇಡವೆಂದು ಅರಿಶಿನ ಹಾಕಿದ್ದಾರೆ. ನೀನು ಕ್ಲಿನಿಕಲ್ ಸೈಕಾಲಜಿ ಓದಿ ಮುಗಿಸಿ, ಬೆಂಗಳೂರಿನಲ್ಲೇ ಉಳಿಯದೆ ನಮ್ಮ ಜಿಲ್ಲೆಗೇ ಕೆಲಸಕ್ಕೆ ಬರುತ್ತೀಯ ಎಂದು ಗೊತ್ತಾದ ಮೇಲೆ ನಿಮ್ಮವ್ವ ಆ ಸುದ್ದಿ ಹೇಳದೆ ಬಿಟ್ಟ ಮನೆ ನಮ್ಮ ಬೀದಿಯಲ್ಲಿಲ್ಲ. ಮೊನ್ನೆ ಫೋನಿನಲ್ಲಿ ನೀನು, ‘ನಾನು ಕಲಿತಿರೋ ಸಿಬಿಟಿ ನಮ್ಮೂರ ಜನಕ್ಕೆ ಒಗ್ಗುತ್ತಾ ದೊಡ್ಡವ್ವ?’ ಎಂದು ಕೇಳಿದೆ. ಒಗ್ಗುತ್ತದೆ. ಆದರೆ ಒಂದು ಷರತ್ತಿದೆ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪುರುಸೊತ್ತಾದಾಗ ಓದು.

ದಸರಾ ರಜೆಗೆ ಬಂದಾಗ ನೀನು ಇಲ್ಲೇ ಬಿಟ್ಟುಹೋದ ನೋಟ್ಸನ್ನೆಲ್ಲ ಓದಿದೆ. ಆರೋಗ್ಯ ಇಲಾಖೆಯಲ್ಲಿ ಹಳ್ಳಿ ಹಳ್ಳಿ ತಿರುಗಿ, ಎಲ್ಲರ ಬಾಯಲ್ಲೂ ನರ್ಸಮ್ಮ ಎನಿಸಿಕೊಂಡು ರಿಟೈರಾದವಳಿಗೆ ಓದುವುದಕ್ಕೆ ಬೇಕಾದಷ್ಟು ಹೊತ್ತಿದೆ. ಸಿಬಿಟಿ, ಅಂದರೆ ಅರಿವು-ವರ್ತನೆ ಚಿಕಿತ್ಸೆಯ ಬಗ್ಗೆ ನನಗೆ ತಿಳಿದದ್ದು ಇಷ್ಟು. ಫಿಲಡೆಲ್ಫಿಯಾದ ಆರನ್ ಬೆಕ್ ಎಂಬ ಡಾಕ್ಟರು ಫ್ರಾಯ್ಡನ ದಾರಿಯ ಮನೋವಿಶ್ಲೇಷಣೆ ಕಲಿತವರು. 1960ರ ದಶಕದಲ್ಲಿ ಖಿನ್ನತೆಯವರ ಮಾತು ಕೇಳುತ್ತಾ ಕೇಳುತ್ತಾ, ಬಾಲ್ಯವನ್ನು ಕೆದಕುವುದಕ್ಕಿಂತ ಮೊದಲು ಅವರ ತಲೆಯಲ್ಲಿ ಸರಕ್ಕನೆ ಹಾದುಹೋಗುವ ಯೋಚನೆಗಳನ್ನು ಹಿಡಿಯಬೇಕೆಂದು ಕಂಡುಕೊಂಡರು. ಅವರಿಗಿಂತ ಕೊಂಚ ಮುಂಚೆ, 1950ರ ದಶಕದಲ್ಲಿ, ನ್ಯೂಯಾರ್ಕಿನ ಆಲ್ಬರ್ಟ್ ಎಲ್ಲಿಸ್ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದ್ದರು. ಬೆಕ್ ನೂರು ವರ್ಷ ತುಂಬಿಸಿ 2021ರಲ್ಲಿ ತೀರಿಕೊಂಡರು.

ಇದನ್ನು ನಮ್ಮ ತಾಲ್ಲೂಕಿಗೆ ತಂದು ನೋಡಿದೆ. ತೆರಕಣಾಂಬಿ ಕಡೆಯ ರೈತನೊಬ್ಬ ಟೊಮೆಟೊ ಹಾಕಿದ್ದಾನೆ ಎಂದುಕೋ. ಮಾರ್ಕೆಟ್ಟಿಗೆ ತಂದ ದಿನ ಕೀಳಿಸಿದ ಕೂಲಿಯೂ ಹುಟ್ಟುವುದಿಲ್ಲ. ಅವನ ತಲೆಯಲ್ಲಿ ಏಳುವುದು, ‘ನಾನು ಕೈಲಾಗದವನು, ಏನು ಬೆಳೆದರೂ ಇಷ್ಟೇ, ಊರೆಲ್ಲ ನಗುತ್ತಿದೆ’ ಎಂದು. ಎದೆ ಭಾರವಾಗುತ್ತದೆ, ನಿದ್ದೆ ಹತ್ತುವುದಿಲ್ಲ. ಹೊಲಕ್ಕೆ ಹೋಗುವುದನ್ನು ಬಿಡುತ್ತಾನೆ, ಅರಳಿಕಟ್ಟೆಗೆ ಬರುವುದನ್ನೂ ಬಿಡುತ್ತಾನೆ. ಹೊಲ ಪಾಳು ಬಿದ್ದಷ್ಟೂ ‘ಕೈಲಾಗದವನು’ ಎಂಬ ಯೋಚನೆಗೆ ಸಾಕ್ಷಿ ಸಿಗುತ್ತಾ ಹೋಗುತ್ತದೆ. ಈ ಸುತ್ತನ್ನು ನಿನ್ನ ಚಿಕಿತ್ಸೆ ಎರಡು ಕಡೆ ಕಡಿಯುತ್ತದೆ. ಯೋಚನೆಯನ್ನು ಎದುರಿಗಿಟ್ಟು ‘ಇದು ನಿಜವೇ, ಪುರಾವೆ ಏನು’ ಎಂದು ಕೇಳುತ್ತದೆ. ಮನಸ್ಸು ಸರಿಯಾದ ಮೇಲೆ ಕೆಲಸ ಎಂದು ಕಾಯದೆ, ಸಣ್ಣ ಸಣ್ಣ ಕೆಲಸಕ್ಕೆ ಕೈ ಹಚ್ಚಿಸಿ ಮನಸ್ಸನ್ನು ಎಬ್ಬಿಸುತ್ತದೆ. ಇದರಲ್ಲಿ ನಮಗಾಗದ್ದು ಏನೂ ಇಲ್ಲ.

ಪರದೇಶದ್ದು ಎನ್ನುವುದಾದರೆ ಅದು ರೋಗಿಯನ್ನು ಕೂರಿಸಿ ಮಾತಾಡಿಸುವ ಏರ್ಪಾಡು. ನಿನ್ನ ಪುಸ್ತಕದ ರೋಗಿ ಒಬ್ಬನೇ ಬರುತ್ತಾನೆ. ವಾರಕ್ಕೊಂದು ಗಂಟೆಯಂತೆ ಹನ್ನೆರಡು, ಹದಿನಾರು ವಾರ ತಪ್ಪದೆ ಬರುತ್ತಾನೆ. ಮನೆಗೆ ಹೋಗಿ ಯೋಚನೆಗಳನ್ನು ಕಾಲಂ ಹಾಕಿ ಬರೆದು ತರುತ್ತಾನೆ. ತನ್ನ ಬದುಕಿನ ತೀರ್ಮಾನವೆಲ್ಲ ತನ್ನದೇ ಎಂದು ತಿಳಿದಿದ್ದಾನೆ. ನಮ್ಮಲ್ಲಿ ಒಬ್ಬಳನ್ನು ಕರೆದರೆ ಮೂವರು ಬಂದು ಕೂರುತ್ತಾರೆ. ಗಂಡ ಹೇಳಲು ಶುರು ಮಾಡುತ್ತಾನೆ, ಅತ್ತೆ ಮುಗಿಸುತ್ತಾಳೆ. ಅವಳಿಗೇ ಬಿಟ್ಟರೂ ‘ಎದ ಡವಡವ ಅಂತದ ಕನವ್ವ, ಕೈಕಾಲೆಲ್ಲ ಸೆಳೀತದ, ತಲ ಉರೀತದ’ ಎನ್ನುತ್ತಾಳೆಯೇ ಹೊರತು ‘ನನಗೆ ದುಃಖ’ ಎನ್ನುವುದಿಲ್ಲ. ಹಾಗೆಂದು ಅವಳಿಗೆ ಮನಸ್ಸಿನ ಮಾತು ಬಾರದು ಎಂದು ಬರೆದುಕೊಳ್ಳಬೇಡ. ಮೈಯ ನೋವಿಗೆ ಮನೆಯಲ್ಲಿ ಒಪ್ಪಿಗೆಯಿದೆ, ಆಸ್ಪತ್ರೆಗೆ ಬಸ್ ಚಾರ್ಜ್ ಸಿಗುತ್ತದೆ. ಮನಸ್ಸಿನ ನೋವಿಗೆ ಅದಿಲ್ಲ. ಎದೆ ಬಡಿತದಿಂದಲೇ ಶುರು ಮಾಡು. ಯಾವಾಗ ಬಡಿಯುತ್ತದೆ, ಆಗ ಯಾರಿದ್ದರು, ಏನು ಮಾತಾಯಿತು ಎಂದು ವಿಚಾರಿಸುತ್ತಾ ಹೋದರೆ ಬೆಕ್ ಹೇಳಿದ ಯೋಚನೆ ತಾನಾಗಿಯೇ ಬಾಯಿಗೆ ಬರುತ್ತದೆ.

ಈ ವ್ಯತ್ಯಾಸವನ್ನು ಮೊದಲು ಕಂಡವಳು ನಾನೇನಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಶುರುವಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತಲ್ಲ, ಆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಂ 1964ರಲ್ಲೇ ಇದರ ಮೇಲೆ ಒಂದು ಲೇಖನ ಬರೆದರು. ನಮ್ಮ ರೋಗಿ ವೈದ್ಯನಲ್ಲಿ ಮನೆಯ ಹಿರಿಯನನ್ನು ಹುಡುಕುತ್ತಾನೆ, ನೇರವಾಗಿ ದಾರಿ ಹೇಳಲಿ ಎಂದು ಬಯಸುತ್ತಾನೆ, ಆ ಅವಲಂಬನೆಯನ್ನು ದೋಷವೆಂದು ಎಣಿಸಬಾರದು ಎಂಬುದು ಅದರ ಸಾರ. ಕನ್ನಡದ ಓದುಗರಿಗೂ ಈ ಲೋಕ ಹೊಸದಲ್ಲ. ಕೊರವಂಜಿ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಪುಸ್ತಕಗಳನ್ನು ನಾನು ಬ್ಯಾಗಿನಲ್ಲಿಟ್ಟುಕೊಂಡೇ ತಿರುಗಿದವಳು. ಅವನ್ನು ನೀನೂ ಓದು. ನಿನ್ನ ಇಂಗ್ಲಿಷ್ ಪಾಠವನ್ನು ಜನರ ಮುಂದೆ ಆಡುವುದು ಹೇಗೆಂದು ಅಲ್ಲಿ ಗೊತ್ತಾಗುತ್ತದೆ.

ನಿನ್ನ ಚಿಕಿತ್ಸೆಯಲ್ಲಿ ಉಪದೇಶ ಮಾಡಬಾರದು, ಪ್ರಶ್ನೆ ಕೇಳುತ್ತಾ ಅವರೇ ಕಂಡುಕೊಳ್ಳುವಂತೆ ಮಾಡಬೇಕು ಎಂದಿದೆ. ಸರಿ. ಆದರೆ ‘ನೀವೇ ಹೇಳ್ರವ್ವ’ ಎಂದು ಕೈಮುಗಿದು ಕೂತವರಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರೆ, ‘ಇವಳಿಗೇ ಏನೂ ಗೊತ್ತಿಲ್ಲ’ ಎಂದು ಎದ್ದು ಹೋಗುತ್ತಾರೆ. ಮೊದಲ ಭೇಟಿಯಲ್ಲೇ ಕೈಗೆ ಏನಾದರೂ ಕೊಡು. ನಿದ್ದೆಗೊಂದು ಉಪಾಯ, ಉಸಿರಿಗೊಂದು ಅಭ್ಯಾಸ, ನಾಳೆ ಮಾಡಬೇಕಾದ ಒಂದು ಕೆಲಸ. ನಂಬಿಕೆ ಬಂದ ಮೇಲೆ, ‘ನಿನ್ನ ತಂಗಿಗೇ ಹೀಗಾಗಿದ್ದರೆ ಅವಳಿಗೆ ಏನು ಹೇಳುತ್ತಿದ್ದೆ?’ ಎಂದು ಕೇಳು. ತನ್ನ ಮೇಲೆ ಕರುಣೆ ಇಲ್ಲದವಳೂ ತಂಗಿಗೆ ನ್ಯಾಯವಾದ ಮಾತನ್ನೇ ಹೇಳುತ್ತಾಳೆ. ಬರೆಯಲು ಬಾರದವರಿಗೆ ಕಾಲಂ ಬೇಡ. ಆ ಯೋಚನೆ ಬಂದಾಗಲೆಲ್ಲ ಒಂದು ಡಬ್ಬಿಗೆ ಹುರುಳಿಕಾಳು ಹಾಕಲು ಹೇಳಿದರೆ ವಾರದ ಲೆಕ್ಕ ಸಿಗುತ್ತದೆ.

ಈಗ ಷರತ್ತಿನ ಮಾತು. ತಿರುಚಿದ ಯೋಚನೆಗಳ ಪಟ್ಟಿ ನಿನ್ನ ನೋಟ್ಸಿನಲ್ಲಿದೆ. ಇನ್ನೊಬ್ಬರ ಮನಸ್ಸನ್ನು ತಾನೇ ಓದಿಬಿಡುವುದು, ಕೆಟ್ಟದ್ದೇ ಆಗುತ್ತದೆಂದು ಮೊದಲೇ ಷರಾ ಬರೆಯುವುದು, ಸಿಕ್ಕರೆ ಎಲ್ಲ, ಇಲ್ಲವಾದರೆ ಏನೂ ಇಲ್ಲ ಎನ್ನುವುದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಇವನ್ನು ಆರಿಸಬೇಕು. ಅಕ್ಕಿ ಯಾವುದು, ಕಲ್ಲು ಯಾವುದು ಎಂದು ಗೊತ್ತಿಲ್ಲದವಳು ಮೊರಕ್ಕೆ ಕೈ ಹಾಕಬಾರದು.

ಡಿಗ್ರಿ ಓದುವ ದಲಿತರ ಹುಡುಗಿಯೊಬ್ಬಳು ಬಂದು ‘ಅವರು ನನ್ನನ್ನ ಬೇರೆ ಥರಾನೇ ನೋಡ್ತಾರೆ’ ಎನ್ನುತ್ತಾಳೆ. ಪಟ್ಟಿ ಹಿಡಿದು ನೋಡಿದರೆ ಅದು ಇನ್ನೊಬ್ಬರ ಮನಸ್ಸು ಓದುವ ತಪ್ಪು. ‘ಪುರಾವೆ ಏನಮ್ಮ?’ ಎಂದು ನೀನು ಕೇಳಿದೆಯೋ, ಅವಳ ಕಿವಿಗೆ ಅದು ಇನ್ನೊಂದು ಅವಮಾನ. ಅವಳ ಅಜ್ಜಿ ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಟೀ ಕುಡಿದವಳು. ಬಾಡಿಗೆ ಮನೆ ಕೇಳಲು ಹೋದರೆ ಇವಳಿಗೆ ಈಗಲೂ ಮೊದಲು ಬರುವ ಪ್ರಶ್ನೆ ಯಾವುದೆಂದು ನಿನಗೇ ಗೊತ್ತು. ಅವಳ ಮಾತು ನಿಜವಿರಬಹುದು, ಮೊದಲು ಒಪ್ಪಿಕೋ. ‘ಅದಕ್ಕೇ ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂಬ ಮುಂದಿನ ಮಾತು ಇದೆಯಲ್ಲ, ಅದು ಬೇರೆಯವರು ಅವಳ ತಲೆಯಲ್ಲಿ ಇಟ್ಟದ್ದು. ನಿನ್ನ ಪ್ರಶ್ನೆಗಳೆಲ್ಲ ಆ ಎರಡನೆಯ ಮಾತಿನ ಮೇಲೆ ಬೀಳಲಿ. ಸಂಜೆ ಹೊತ್ತು ಅಂಬೇಡ್ಕರ್ ಭವನದ ಮುಂದೆ ಕೂತು ಓದುವ, ವಾದ ಮಾಡುವ ಹುಡುಗ ಹುಡುಗಿಯರ ಗುಂಪೊಂದು ಅವಳ ಊರಿನಲ್ಲಿದ್ದರೆ ಅಲ್ಲಿಗೂ ಕಳಿಸು. ನಿನ್ನ ಒಂದು ಗಂಟೆಯಲ್ಲಿ ಆಗದ್ದು ಅಲ್ಲಿ ಆಗುತ್ತದೆ.

ಬಂಡೀಪುರದ ಅಂಚಿನ ರೈತ ‘ರಾತ್ರಿ ನಿದ್ದೆಯಿಲ್ಲ, ಆನೆ ಬರುತ್ತೆ ಅನ್ನೋ ಭಯ’ ಎನ್ನುತ್ತಾನೆ. ಅದು ಕೆಟ್ಟದ್ದನ್ನೇ ಊಹಿಸುವ ಕಾಯಿಲೆಯಲ್ಲ. ಆನೆ ನಿಜಕ್ಕೂ ಬರುತ್ತದೆ. ಅಟ್ಟಣೆಯ ಮೇಲೆ ಬೆಳಗಾಗುವವರೆಗೆ ಕಾವಲು ಕೂರುವವನಿಗೆ ‘ರಾತ್ರಿ ಹತ್ತಕ್ಕೆ ಮಲಗಿ, ಬೆಳಗ್ಗೆ ಆರಕ್ಕೆ ಎದ್ದೇಳಿ’ ಎಂಬ ಅಚ್ಚು ಹಾಕಿದ ಹಾಳೆ ಕೊಟ್ಟರೆ ನಗುತ್ತಾನೆ. ಕಾವಲು ಸರದಿಯ ಮೇಲೆ ಹಂಚಿಕೊಳ್ಳುವುದು, ಹಗಲು ಯಾವಾಗ ಮಲಗುವುದು, ಬೆಳೆ ಪರಿಹಾರದ ಅರ್ಜಿ ಎಲ್ಲಿದೆ ಎಂದು ವಿಚಾರಿಸುವುದು, ಇದೂ ಚಿಕಿತ್ಸೆಯೇ. ಕಾವಲಿಲ್ಲದ ದಿನವೂ, ಮೈಸೂರಿನಲ್ಲಿ ಮಗಳ ಮನೆಗೆ ಹೋದಾಗಲೂ ಅವನಿಗೆ ನಿದ್ದೆ ಬಾರದಿದ್ದರೆ, ಆಗ ನಿನ್ನ ಪುಸ್ತಕ ತೆಗೆ.

ಇನ್ನೊಂದು ಹೇಳಲೇಬೇಕು. ಕೋವಿಡ್ ಕಾಲದಲ್ಲಿ, 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಏನಾಯಿತೆಂದು ಇಡೀ ನಾಡಿಗೆ ಗೊತ್ತು. ಸರ್ಕಾರ ಮೊದಲು ಕೊಟ್ಟ ಲೆಕ್ಕದಲ್ಲೇ ಒಂದು ದಿನದೊಳಗೆ 24 ಜನ ಹೋದರು. ಹೈಕೋರ್ಟ್ ನೇಮಿಸಿದ ಸಮಿತಿ ಆಕ್ಸಿಜನ್ ಕೊರತೆಯನ್ನೇ ಎತ್ತಿ ಹೇಳಿತು. ಆ ಮನೆಗಳವರು ನಿನ್ನ ಹತ್ತಿರ ಬರುತ್ತಾರೆ. ಅವರ ದುಃಖಕ್ಕೆ ಪುರಾವೆ ಬೇಡ, ಅವರ ಸಿಟ್ಟು ನ್ಯಾಯವಾದದ್ದು, ಅದನ್ನು ಇಳಿಸಲು ಹೋಗಬೇಡ. ಆದರೆ ‘ನಾನು ಮೈಸೂರಿಗೆ ಕರಕೊಂಡೋಗಿದ್ರೆ ಬದುಕ್ತಿದ್ರು, ನಾನೇ ಕೊಂದೆ’ ಎಂದು ಒಬ್ಬ ಮಗ ವರ್ಷಗಟ್ಟಲೆ ಹೊತ್ತುಕೊಂಡು ತಿರುಗುತ್ತಿದ್ದರೆ, ಅವನ ಪಕ್ಕದಲ್ಲಿ ಕೂತು ಕೇಳು: ಆ ರಾತ್ರಿ ನಿನಗೆ ಏನು ಗೊತ್ತಿತ್ತು? ಸಿಲಿಂಡರ್ ಖಾಲಿಯಾಗುತ್ತಿರುವುದನ್ನು ತಿಳಿಯುವುದು ಯಾರ ಕೆಲಸವಾಗಿತ್ತು? ಬೆಕ್ ಕೊಟ್ಟ ಪ್ರಶ್ನೆಗೆ ಇದಕ್ಕಿಂತ ಯೋಗ್ಯವಾದ ಜಾಗ ನನಗೆ ಗೊತ್ತಿಲ್ಲ.

ಬೆಟ್ಟದ ಮೇಲೂ ನಿನಗೆ ಕೆಲಸವಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಹೋಗುವ ಮುಂಚೆ ಅವರ ಕತೆ ತಿಳಿದುಕೋ. 1974ರಲ್ಲಿ ಆ ಕಾಡು ವನ್ಯಧಾಮವಾಯಿತು. ಕಾಡಿನೊಳಗೆ ಜಾಗ ಬದಲಿಸುತ್ತಾ ರಾಗಿ ಬೆಳೆದು, ಜೇನು ಕಿತ್ತು ಬದುಕುತ್ತಿದ್ದವರು ಒಂದೆಡೆ ನೆಲೆ ನಿಲ್ಲಬೇಕಾಯಿತು. ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲಿ ಶುರುವಾದದ್ದು 1981ರಲ್ಲಿ. ಹುಲಿ ಮೀಸಲು ಘೋಷಣೆಯಾದ 2011ರಲ್ಲೇ, ಹೋರಾಡಿದ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರವೂ ಸಿಕ್ಕಿತು. ‘ಕಾಡು ನಮ್ಮ ಕೈ ಬಿಟ್ಟೋಯ್ತು’ ಎಂದು ಒಬ್ಬ ಅಜ್ಜ ಹೇಳಿದರೆ ಅದು ಇತಿಹಾಸ, ಕಾಯಿಲೆಯ ಲಕ್ಷಣವಲ್ಲ. ಮನಸ್ಸಿಗೆ ಹಿತವಾಗುವ ಕೆಲಸಗಳ ಪಟ್ಟಿ ಎಂದು ನಿನ್ನ ಪುಸ್ತಕದಲ್ಲಿ ಸಿನಿಮಾ, ಈಜು, ಗೆಳೆಯರ ಜೊತೆ ಹೋಟೆಲ್ ಊಟ ಇದೆ. ಅಲ್ಲಿ ಆ ಪಟ್ಟಿಯನ್ನು ಅವರೇ ಮಾಡಲಿ. ಹೆಂಗಸರ ಜೊತೆ ಸೊಪ್ಪಿಗೆ ಹೋಗುವುದು, ಜೇನಿನ ಕಾಲದಲ್ಲಿ ಜೊತೆಗೂಡುವುದು, ಇನ್ನೊಂದು ಪೋಡಿನ ನೆಂಟರ ಮನೆ, ಗೊರುಕನದ ಕುಣಿತ. ಬೆಟ್ಟದ ರಂಗಸ್ವಾಮಿ ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದವನು, ಅದಕ್ಕೇ ತಮಗೆ ಭಾವ ಎನ್ನುತ್ತಾರೆ ಸೋಲಿಗರು. ದೇವರನ್ನೇ ಭಾವ ಎಂದು ಕರೆದು ತಮಾಷೆ ಮಾಡುವ ಜನಕ್ಕೆ ಆತ್ಮಗೌರವದ ಮೇಲೆ ಭಾಷಣ ಬೇಡ. ಆ ಗೌರವಕ್ಕೆ ಪೆಟ್ಟು ಬಿದ್ದದ್ದು ಎಲ್ಲಿ ಎಂದು ಕೇಳಿಸಿಕೊಳ್ಳುವವರು ಬೇಕು. ಬಂಡೀಪುರದ ಕಡೆಯ ಜೇನುಕುರುಬರ, ಕಾಡುಕುರುಬರ ಹಾಡಿಗಳಿಗೂ ಇದೇ ಮಾತು. ಆದರೆ ಅವರೆಲ್ಲರೂ ಒಂದೇ ಎಂದು ತಿಳಿಯಬೇಡ.

ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನಿಗೆ ಹರಕೆ ಕಟ್ಟಿಕೊಂಡೇ ನಿನ್ನ ಹತ್ತಿರ ಬರುವವರು ಬೇಕಾದಷ್ಟು ಮಂದಿ. ಅದರ ಜೊತೆ ಜಗಳಕ್ಕೆ ನಿಲ್ಲಬೇಡ. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ಉಳಿದುಕೊಂಡಿದ್ದ ಮಾನಸಿಕ ರೋಗಿಗಳನ್ನು ಗಮನಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅಲ್ಲಿದ್ದ ದಿನಗಳಲ್ಲಿ ರೋಗಲಕ್ಷಣ ಕಡಿಮೆಯಾಗಿತ್ತು. ಹೆದರಿಸದ, ಆದರದಿಂದ ನೋಡಿಕೊಳ್ಳುವ ವಾತಾವರಣವೇ ಕಾರಣವಿರಬೇಕೆಂದು ಅವರ ಅಭಿಪ್ರಾಯ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿ ಕಟ್ಟಿದ್ದ ರೋಗಿಗಳು ಓಡಲಾಗದೆ ಸತ್ತರು. ಹರಕೆ ಇರಲಿ, ಸರಪಳಿ ಇರಕೂಡದು. ತಾಯಿತ ಕಟ್ಟಿಸಿಕೊಂಡವನಿಗೆ ಗುಳಿಗೆಯನ್ನೂ ತಪ್ಪಿಸಬೇಡ ಎಂದು ಹೇಳಿದರೆ ಕೇಳುತ್ತಾನೆ. ತಾಯಿತ ಬಿಚ್ಚು ಎಂದರೆ ಗುಳಿಗೆಯನ್ನೂ ಬಿಡುತ್ತಾನೆ.

ಸೊಸೆಯಂದಿರ ವಿಷಯದಲ್ಲಿ ಹುಷಾರಾಗಿರು. ‘ಆಗಲ್ಲ ಅಂತ ನೇರವಾಗಿ ಹೇಳು’ ಎಂದು ಕಲಿಸಿ ಕಳಿಸಿದರೆ ಆ ರಾತ್ರಿ ಏಟು ತಿನ್ನುವವಳು ಅವಳು. ಬೇರೆ ದಾರಿ ಬೇಕಾದರೆ, ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಡಾ. ಆತಿಫ್ ರೆಹಮಾನ್ ಮತ್ತು ಸಂಗಡಿಗರು ಮಾಡಿದ್ದನ್ನು ಮತ್ತೊಮ್ಮೆ ಓದು. ಬಾಣಂತಿಯರ ಖಿನ್ನತೆಗೆ ಸಿಬಿಟಿಯ ಉಪಾಯಗಳನ್ನು ಅಲ್ಲಿನ ಆರೋಗ್ಯ ಕಾರ್ಯಕರ್ತೆಯರ ಕೈಗೆ ಕೊಟ್ಟರು. ‘ನಿನಗೆ ಕಾಯಿಲೆ’ ಎಂದು ಶುರು ಮಾಡಲಿಲ್ಲ, ‘ಮಗು ಚೆನ್ನಾಗಿ ಬೆಳೆಯಬೇಕು’ ಎಂದು ಶುರು ಮಾಡಿದರು. ಮಗುವಿನ ಮಾತೆಂದರೆ ಅತ್ತೆಯೂ ಬಂದು ಕೂರುತ್ತಾಳೆ. 2008ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅದರ ಫಲ ನೋಡು. ಆರು ತಿಂಗಳಿಗೆ ಖಿನ್ನತೆ ಉಳಿದದ್ದು ಈ ಚಿಕಿತ್ಸೆ ಪಡೆದ ನೂರರಲ್ಲಿ 23 ತಾಯಂದಿರಿಗೆ, ಬರೀ ಮಾಮೂಲಿ ಭೇಟಿ ಸಿಕ್ಕವರಲ್ಲಿ 53 ಜನಕ್ಕೆ. ಪಕ್ಕದ ಗೋವಾದಲ್ಲೂ ಮನಃಶಾಸ್ತ್ರ ಓದದ ಸ್ಥಳೀಯರಿಗೇ ತರಬೇತಿ ಕೊಟ್ಟು ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯವರಿಗೆ ಆರರಿಂದ ಎಂಟು ಭೇಟಿಯ ಸಮಾಲೋಚನೆ ನಡೆಸಿ, ಅದು ಫಲಿಸಿದ್ದನ್ನು ಡಾ. ವಿಕ್ರಂ ಪಟೇಲ್ ಅವರ ತಂಡ 2017ರಲ್ಲಿ ತೋರಿಸಿತು. ಅಲ್ಲಿ ಮುಖ್ಯವಾಗಿ ಬಳಸಿದ್ದು ಕೆಲಸಕ್ಕೆ ಕೈ ಹಚ್ಚಿಸುವ ಆ ಉಪಾಯವನ್ನೇ.

ಮಗ ಇನ್ನೊಬ್ಬ ಹುಡುಗನನ್ನು ಇಷ್ಟಪಡುತ್ತಾನೆ, ‘ಸರಿ ಮಾಡಿಕೊಡಿ’ ಎಂದು ಅಳುತ್ತಾ ತಂದೆತಾಯಿ ಬಂದರೆ, ಚಿಕಿತ್ಸೆ ಅವನಿಗೆ ಬೇಡವೆಂದು ಮೆತ್ತಗೆ ಹೇಳು. ಸಮಾಜ ಒಪ್ಪದ್ದನ್ನೆಲ್ಲ ಮಾನಸಿಕ ಕಾಯಿಲೆ ಎನ್ನುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯಲ್ಲೇ ಇದೆ, ಇಂಥ ಪ್ರೀತಿ ಅಪರಾಧವಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪೂ ಬಂತು. ಧೈರ್ಯ ಬೇಕಾದದ್ದು ಆ ಅಪ್ಪ ಅಮ್ಮನಿಗೆ. ಅವರನ್ನು ಕೂರಿಸಿಕೊಂಡು ಮಾತಾಡು.

ನೀನೊಬ್ಬಳೇ ಎಷ್ಟು ಮಂದಿಯನ್ನು ನೋಡುತ್ತೀಯ? ನಿಮ್ಹಾನ್ಸ್ 12 ರಾಜ್ಯಗಳಲ್ಲಿ 2015-16ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಸಾಮಾನ್ಯ ಮಾನಸಿಕ ತೊಂದರೆಯಿರುವ ನೂರರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪಿಎಚ್‌ಸಿ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೇ ಈ ಕೆಲಸ ಕಲಿಸಿದರು. ಅದೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬಿ.ಪಿ. ನೋಡುವ, ತಾಯಿಕಾರ್ಡು ಬರೆಯುವ ನಮ್ಮಂಥವರಿಂದ ಇದು ಆಗುತ್ತದೆಂದು ತೋರಿಸಿಕೊಟ್ಟದ್ದು ಕರ್ನಾಟಕ. ಯಾವ ಮನೆಯಲ್ಲಿ ಯಾರು ವಾರದಿಂದ ಹೊರಗೆ ಬಂದಿಲ್ಲ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಅವರಿಗೆ ಕಲಿಸು, ಅವರಿಂದ ಕಲಿ. ತಾಲ್ಲೂಕು ಆಸ್ಪತ್ರೆಗಳ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕು, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುವ ಟೆಲಿಮನಸ್‌ನ 14416 ನಂಬರು ಎಲ್ಲರ ಫೋನಿನಲ್ಲೂ ಇರುವಂತೆ ಮಾಡು. ಸಾಯುವ ಮಾತಾಡುವವರನ್ನು, ಇಲ್ಲದ ದನಿ ಕೇಳಿಸುತ್ತದೆ ಎನ್ನುವವರನ್ನು ಬರೀ ಮಾತಿನ ಮೇಲೆ ನಿಲ್ಲಿಸಿಕೊಳ್ಳದೆ ಅದೇ ದಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗು.

ಇದೆಲ್ಲ ಓದಿ ನಿನ್ನ ವಿದ್ಯೆಯನ್ನು ನಾನು ಸಣ್ಣದು ಮಾಡುತ್ತಿದ್ದೇನೆ ಎಂದುಕೊಳ್ಳಬೇಡ. ಅದನ್ನು ಪೂರ್ತಿ ಕಲಿ, ನೆಟ್ಟಗೆ ಕಲಿ. ಅರ್ಧ ಕಲಿತವರೇ ‘ನಮ್ಮ ಜನಕ್ಕೆ ಇವೆಲ್ಲ ಆಗಲ್ಲ’ ಎಂದು ಗುಳಿಗೆ ಚೀಟಿ ಬರೆದು ಕೈ ತೊಳೆದುಕೊಳ್ಳುವುದು. ಬಡವರಿಗೆ, ಓದು ಬಾರದವರಿಗೆ ಮಾತಿನ ಚಿಕಿತ್ಸೆ ದಕ್ಕದು ಎನ್ನುವುದೂ ಒಂದು ತಿರುಚಿದ ಯೋಚನೆಯೇ. ಅದನ್ನು ನಿನ್ನ ಇಲಾಖೆಯಲ್ಲಿ ಯಾರಾದರೂ ಆಡಿದರೆ, ಅವರ ಹತ್ತಿರ ಧಾರಾಳವಾಗಿ ಪುರಾವೆ ಕೇಳು.

ದಿನವಿಡೀ ಬೇರೆಯವರ ಸಂಕಟ ಕೇಳಿ ನೀನೂ ಬಳಲುತ್ತೀಯ. ಹಿರಿಯ ಸೈಕಾಲಜಿಸ್ಟ್ ಒಬ್ಬರೊಂದಿಗೆ ವಾರಕ್ಕೊಮ್ಮೆಯಾದರೂ ಮಾತಾಡುವ ಏರ್ಪಾಡು ಮಾಡಿಕೋ. ಊಟ ಬಿಡಬೇಡ. ಭಾನುವಾರ ಮನೆಗೆ ಬಾ.

ಬಂದ ಮೊದಲ ತಿಂಗಳು ರೂಮಿನಲ್ಲಿ ಕೂರಬೇಡ. ಪಿಎಚ್‌ಸಿಯಲ್ಲಿ ಆಶಾಗಳ ಸಭೆ ನಡೆಯುವ ದಿನ ನಿನ್ನನ್ನು ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ಆಮೇಲೆ ಅವರು ಯಾವ ಮನೆಗೆ ಕರೆದರೂ ಹೋಗು. ಬರುವ ತಾರೀಖು ತಿಳಿಸು.

ಇಂತಿ ನಿನ್ನ,
ದೊಡ್ಡವ್ವ